ಮೊದಲ ಮಿರರ್‌ಲೆಸ್ ಕ್ಯಾಮೆರಾ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯಲ್ಲಿ, ಹಾಕಿ ಮೈದಾನದ ಬದಿಯಲ್ಲಿ, ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾದ ಮೈಗೆ (ಇದನ್ನೇ ‘ಬಾಡಿ’ ಅನ್ನುತ್ತಾರೆ) ಸುರಿಯುವ ದುಡ್ಡು ಕಡಿಮೆ ಇರಲಿ. ಎರಡನೇ ಲೆನ್ಸ್‌ಗೂ ಮಳೆಗಾಲಕ್ಕೂ ಸ್ವಲ್ಪ ಉಳಿಸಿಕೊಳ್ಳಿ.

## ಕೊಳ್ಳುವ ಮುಂಚೆ

ಫೋನೇ ಇಷ್ಟು ಚೆನ್ನಾಗಿ ತೆಗೆಯುತ್ತಲ್ಲ, ಕ್ಯಾಮೆರಾ ಯಾಕೆ ಬೇಕು?

ರಾಜಾಸೀಟ್‌ನ ಸೂರ್ಯಾಸ್ತಕ್ಕೆ, ಮನೆಯವರ ಗುಂಪು ಫೋಟೋಗೆ ಫೋನ್ ಸಾಕು. ಅದಕ್ಕೋಸ್ಕರ ಕ್ಯಾಮೆರಾ ತಗೊಂಡರೆ ಅದು ಬೀರುವಿನಲ್ಲೇ ಇರುತ್ತದೆ. ಕ್ಯಾಮೆರಾ ಬೇಕಾಗುವುದು ವಸ್ತು ದೂರ ಇದ್ದಾಗ, ಬೆಳಕು ಕಡಿಮೆ ಇದ್ದಾಗ, ಎದುರಿಗಿರುವುದು ಓಡುತ್ತಿರುವಾಗ. ಸಿಲ್ವರ್ ಓಕ್ ಮರದ ತುದಿಯಲ್ಲಿ ಕೂತ ಮಂಗಟ್ಟೆ ಹಕ್ಕಿ, ದಸರಾ ರಾತ್ರಿ ಮೆರವಣಿಗೆಯ ಮಂಟಪ, ಹಾಕಿ ಆಟ ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ಹೊಸಬರಿಗೆಂದೇ ಮಾಡಿದ ಮಿರರ್‌ಲೆಸ್‌ಗಳಲ್ಲಿ ಹೆಚ್ಚಿನವಕ್ಕೆ ಎಪಿಎಸ್‌-ಸಿ ಅನ್ನುವ ಗಾತ್ರದ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಇರುತ್ತದೆ. ಅದರ ಅಳತೆ ಸುಮಾರು 23×15 ಮಿಲಿಮೀಟರ್. ‘1 ಇಂಚಿನ ಸೆನ್ಸರ್’ ಅಂತ ಹೆಸರು ಮಾಡಿದ ದುಬಾರಿ ಫೋನಿನದ್ದೂ ಸುಮಾರು 13×9 ಮಿಲಿಮೀಟರ್ ಅಷ್ಟೇ. ವಿಸ್ತೀರ್ಣದಲ್ಲಿ ಮೂರು ಪಟ್ಟು ವ್ಯತ್ಯಾಸ. ಮಾಮೂಲಿ ಫೋನಿನ ಸೆನ್ಸರ್ ಇನ್ನೂ ಚಿಕ್ಕದು.

ಮಿರರ್‌ಲೆಸ್ ಅಂದ್ರೆ ಏನು? ಡಿಎಸ್ಎಲ್ಆರ್‌ಗಿಂತ ಹೇಗೆ ಬೇರೆ?

ಡಿಎಸ್ಎಲ್ಆರ್ ಒಳಗೆ ಒಂದು ಕನ್ನಡಿ ಇರುತ್ತದೆ. ಲೆನ್ಸ್‌ನಿಂದ ಬಂದ ಬೆಳಕನ್ನು ಅದು ನಿಮ್ಮ ಕಣ್ಣಿಗೆ ತಿರುಗಿಸುತ್ತದೆ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿ ಇಲ್ಲ, ಬೆಳಕು ನೇರ ಸೆನ್ಸರ್ ಮೇಲೆ ಬೀಳುತ್ತದೆ. ನೀವು ನೋಡುವುದು ಸೆನ್ಸರ್ ಕಂಡ ಚಿತ್ರವನ್ನೇ. ಈ ಬಗೆಯ ಮೊದಲ ಕ್ಯಾಮೆರಾ 2008ರ ಪ್ಯಾನಸಾನಿಕ್ ಜಿ1. ಕೆಲವು ವರ್ಷಗಳಿಂದ ಕ್ಯಾನನ್, ನಿಕಾನ್ ಎರಡೂ ಹೊಸ ಕೆಲಸವನ್ನೆಲ್ಲ ಮಿರರ್‌ಲೆಸ್ ಮೇಲೇ ಹಾಕಿವೆ.

ನಮಗೆ ಇದರಿಂದ ದೊಡ್ಡ ಲಾಭ ಒಂದಿದೆ. ಕಪ್ಪು ಕುಪ್ಯ (ಕೊಡವರ ಉದ್ದ ನಿಲುವಂಗಿ) ಹಾಕಿದವರ ಫೋಟೋ ತೆಗೆಯುವಾಗ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗುತ್ತದೆ. ಕಪ್ಪನ್ನು ಬೂದು ಮಾಡಲು ಹೊರಟು ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಮಿರರ್‌ಲೆಸ್‌ನಲ್ಲಿ ಅದು ಕ್ಲಿಕ್ ಮಾಡುವ ಮುಂಚೆಯೇ ಕಾಣುತ್ತದೆ. ಎಕ್ಸ್‌ಪೋಶರ್ (ಚಿತ್ರಕ್ಕೆ ಬಿಡುವ ಬೆಳಕು) ಒಂದು ಹಂತ ಇಳಿಸಿದರೆ ಆಯಿತು.

ಎಷ್ಟು ದುಡ್ಡು ಇಟ್ಕೋಬೇಕು?

ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಕೊಡುವ ಲೆನ್ಸ್) ಸಮೇತ ಹೊಸದು ಸುಮಾರು 50 ಸಾವಿರದಿಂದ 1 ಲಕ್ಷದ ಒಳಗೆ ಸಿಗುತ್ತದೆ. ಹಬ್ಬದ ಸಮಯದಲ್ಲಿ ಏರಿಳಿತ ಇದ್ದೇ ಇರುತ್ತದೆ. ಕೈಯಲ್ಲಿರುವ ಹಣವನ್ನೆಲ್ಲ ಅದಕ್ಕೇ ಹಾಕಬೇಡಿ. ಮೂರರಲ್ಲಿ ಒಂದು ಪಾಲು ಪಕ್ಕಕ್ಕಿಡಿ. ಎರಡನೇ ಬ್ಯಾಟರಿ, ಒಳ್ಳೆಯ ಕಾರ್ಡ್, ಗಾಳಿ ಆಡದ ಡಬ್ಬಿ, ಮುಂದೆ ಒಂದು ಲೆನ್ಸ್ ಎಲ್ಲ ಅದರಿಂದಲೇ ಬರಬೇಕು.

24 ಮೆಗಾಪಿಕ್ಸೆಲ್ 20ಕ್ಕಿಂತ ಒಳ್ಳೇದಲ್ವಾ?

ಕಾಗದದ ಮೇಲೆ ಹೌದು, ಕಣ್ಣಿಗೆ ಇಲ್ಲ. 20.9 ಮೆಗಾಪಿಕ್ಸೆಲ್ ಚಿತ್ರದ ಅಗಲ 5568 ಪಿಕ್ಸೆಲ್, 24ರದ್ದು 6000. ಗೋಡೆಗೆ ಹಾಕುವ 12×18 ಇಂಚಿನ ಪ್ರಿಂಟ್‌ಗೆ 5400 ಸಾಕು.

ಫುಲ್ ಫ್ರೇಮ್‌ಗೇ ನೇರ ಹೋಗ್ಲಾ?

ಫುಲ್ ಫ್ರೇಮ್ ಅಂದರೆ ಎಪಿಎಸ್‌-ಸಿಗಿಂತ ದೊಡ್ಡ ಸೆನ್ಸರ್. ಹೋಗಬಹುದು, ಆದರೆ ಲೆನ್ಸ್‌ಗಳ ಬೆಲೆ ಮತ್ತು ತೂಕವನ್ನೂ ಸೇರಿಸಿ ಲೆಕ್ಕ ಹಾಕಿ. ತಡಿಯಂಡಮೋಳ್ 1748 ಮೀಟರ್ ಎತ್ತರ. ಅದನ್ನು ಹತ್ತುವಾಗ ಬ್ಯಾಗಿನಲ್ಲಿ ಅರ್ಧ ಕೆಜಿ ಕಡಿಮೆ ಇದ್ದರೂ ಗೊತ್ತಾಗುತ್ತದೆ. ಹಕ್ಕಿ ಹುಚ್ಚು ಇದ್ದವರಿಗಂತೂ ಎಪಿಎಸ್‌-ಸಿಯೇ ಲಾಭ. ಅದೇ ಲೆನ್ಸ್ ಇಲ್ಲಿ 1.5 ಪಟ್ಟು (ಕ್ಯಾನನ್‌ನಲ್ಲಿ 1.6 ಪಟ್ಟು) ಹತ್ತಿರ ತೋರಿಸುತ್ತದೆ.

ಆನ್‌ಲೈನ್‌ನಲ್ಲಿ ತರಿಸೋದಾ, ಅಂಗಡಿಗೆ ಹೋಗೋದಾ?

ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಅದಕ್ಕಾಗಿ ಮೈಸೂರಿಗೆ ಹೋಗಬೇಕಾದರೂ ಸರಿ. ಆಮೇಲೆ ಎಲ್ಲಿ ಬೇಕಾದರೂ ಕೊಳ್ಳಿ. ಜಿಎಸ್‌ಟಿ ಬಿಲ್ ಮತ್ತು ಕಂಪನಿಯ ಭಾರತದ ವಾರಂಟಿ ಎರಡೂ ಇರಲೇಬೇಕು. ಬಿಲ್ ಇಲ್ಲದೆ ಹತ್ತು ಸಾವಿರ ಕಡಿಮೆಗೆ ಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ರಿಪೇರಿ ಬಂದಾಗ ಆ ಹತ್ತು ಸಾವಿರ ಎಲ್ಲೂ ಸಾಲುವುದಿಲ್ಲ.

## ಕ್ಯಾಮೆರಾ ಎದುರು ಕ್ಯಾಮೆರಾ

ಕ್ಯಾನನ್ ಆರ್100 ತುಂಬ ಕಡಿಮೆಗೆ ಸಿಗ್ತಿದೆ. ಆರ್50 ಬಿಟ್ಟು ಅದನ್ನೇ ತಗೊಳ್ಳಲಾ?

ಎರಡೂ 2023ರಲ್ಲಿ ಬಂದವು. ಎರಡರದ್ದೂ 24 ಮೆಗಾಪಿಕ್ಸೆಲ್. ಅಲ್ಲಿಗೆ ಹೋಲಿಕೆ ಮುಗಿಯಿತು. ಆರ್100ರ ಪರದೆ ತಿರುಗುವುದಿಲ್ಲ, ಮುಟ್ಟಿದರೆ ಕೆಲಸವೂ ಮಾಡುವುದಿಲ್ಲ. ಫೋನ್ ಹಿಡಿದು ಬೆಳೆದವರಿಗೆ ಇದು ದಿನಾ ಕಿರಿಕಿರಿ. 4ಕೆ ವಿಡಿಯೋ ಹಾಕಿದರೆ ಚಿತ್ರ ಸುತ್ತಲೂ ಕತ್ತರಿಸಿಹೋಗುತ್ತದೆ, ಫೋಕಸ್ ಕೂಡ ಹಳೆಯ ನಿಧಾನದ ಪದ್ಧತಿಗೆ ಇಳಿಯುತ್ತದೆ. ಆರ್50ರಲ್ಲಿ ಪರದೆ ಎಲ್ಲ ಕಡೆ ತಿರುಗುತ್ತದೆ, 4ಕೆ ಪೂರ್ತಿ ಅಗಲಕ್ಕೆ ಬರುತ್ತದೆ, ಫೋಕಸ್ ಮನುಷ್ಯರನ್ನೂ ಪ್ರಾಣಿ, ಹಕ್ಕಿಗಳನ್ನೂ ಗುರುತಿಸಿ ಹಿಂಬಾಲಿಸುತ್ತದೆ. ಬರೀ ಫೋಟೋ, ಅದೂ ನಿಂತ ವಸ್ತುವಿನದ್ದು ಮಾತ್ರ ತೆಗೆಯುವವರಿಗೆ ಆರ್100 ಸಾಕು. ಉಳಿದವರು ಇನ್ನೆರಡು ತಿಂಗಳು ಕಾದು ಆರ್50 ಕೊಳ್ಳುವುದು ವಾಸಿ.

ಆರ್50, ನಿಕಾನ್ ಜೆಡ್50 ಟು, ಸೋನಿ ಎ6400, ಮೂರರಲ್ಲಿ ಒಂದು ಹೇಳಿಬಿಡಿ ಅಣ್ಣಾ.

ಎಲ್ಲರಿಗೂ ಒಂದೇ ಉತ್ತರ ಹೇಳಿದರೆ ಸುಳ್ಳಾಗುತ್ತದೆ. ಹೇಗೆ ಬೇರೆ ಅಂತ ಹೇಳುತ್ತೇನೆ, ನೀವೇ ಆರಿಸಿ.

ಆರ್50 ಹಗುರ. ಬ್ಯಾಟರಿ, ಕಾರ್ಡ್ ಸೇರಿ 375 ಗ್ರಾಂ. ಮೆನು ಸರಳ, ಮನೆಯಲ್ಲಿ ಯಾರ ಕೈಗೆ ಕೊಟ್ಟರೂ ನಡೆಯುತ್ತದೆ. ಕೊರತೆ ಅಂದರೆ ಒಂದೇ ಡಯಲ್, ಚಿಕ್ಕ ಹಿಡಿ. ದೊಡ್ಡ ಕೈಯವರಿಗೆ ಕಿರುಬೆರಳು ಇಡಲು ಜಾಗ ಇರುವುದಿಲ್ಲ. ಮೇಲೆ ಫ್ಲ್ಯಾಶ್ ಕೂರಿಸುವ ಶೂ ಹೊಸ ಮಾದರಿಯದ್ದು, ಹಳೆಯ ಫ್ಲ್ಯಾಶ್ ಹಾಕಲು ಅಡಾಪ್ಟರ್ ಬೇಕು.

ಜೆಡ್50 ಟು 2024ರ ಕೊನೆಯಲ್ಲಿ ಬಂತು. ಮೂರರಲ್ಲಿ ಹೊಸದು. ತೂಕ 550 ಗ್ರಾಂ. ಆಳವಾದ ಹಿಡಿ, ಎರಡು ಡಯಲ್. ನಿಕಾನ್‌ನ ದುಬಾರಿ ಜೆಡ್8, ಜೆಡ್9ರಲ್ಲಿರುವ ಎಕ್ಸ್‌ಪೀಡ್ 7 ಪ್ರೊಸೆಸರ್ ಇದರಲ್ಲಿದೆ. ಹಕ್ಕಿಗೆಂದೇ ಬೇರೆ ಫೋಕಸ್ ಆಯ್ಕೆಯೂ ಇದೆ. ಕಲಿಯುತ್ತಾ ಮುಂದೆ ಹೋಗುವ ಆಸೆ ಇದ್ದರೆ ಇದು ಬೇಗ ಸಾಲದೆ ಹೋಗುವುದಿಲ್ಲ.

ಎ6400 2019ರದ್ದು. ಫೋಕಸ್ ಇವತ್ತಿಗೂ ಚುರುಕು, ಆದರೆ ಹಕ್ಕಿಯ ಕಣ್ಣು ಹಿಡಿಯುವ ಆಯ್ಕೆ ಇಲ್ಲ. ಬ್ಯಾಟರಿ ಹಳೆಯ ಚಿಕ್ಕ ಮಾದರಿ, ಚಾರ್ಜಿಂಗ್ ಕಿಂಡಿ ಮೈಕ್ರೋ ಯುಎಸ್‌ಬಿ. ಹಾಗಿದ್ದರೂ ಜನ ಯಾಕೆ ಕೊಳ್ಳುತ್ತಾರೆ? ಲೆನ್ಸ್‌ಗಾಗಿ. ಸೋನಿಯ ಇ-ಮೌಂಟ್‌ಗೆ (ಲೆನ್ಸ್ ಕೂರುವ ಜೋಡಣೆಗೆ ಮೌಂಟ್ ಅನ್ನುತ್ತಾರೆ) ಸಿಗ್ಮಾ, ಟ್ಯಾಮ್ರಾನ್ ಥರದ ಬೇರೆ ಕಂಪನಿಗಳ ಲೆನ್ಸ್‌ಗಳು ಹೊಸದೂ ಹಳೆಯದೂ ರಾಶಿ ಸಿಗುತ್ತವೆ. ನಿಕಾನ್ ಜೆಡ್‌ಗೆ ಸಿಗ್ಮಾದ ಹೆಚ್ಚು ಬೆಳಕು ಬಿಡುವ ಎಫ್/1.4 ಲೆನ್ಸ್‌ಗಳು ಬಂದದ್ದು 2023ರಲ್ಲಿ, ಕ್ಯಾನನ್ ಆರ್‌ಎಫ್‌ಗೆ ಸಿಗ್ಮಾ ಬಂದದ್ದು 2024ರಲ್ಲಿ. ಅಂತರ ಕಡಿಮೆಯಾಗುತ್ತಿದೆ, ಇನ್ನೂ ಮುಗಿದಿಲ್ಲ.

ನನ್ನನ್ನೇ ಕೇಳಿದರೆ, ಮನೆ ಮತ್ತು ಪ್ರವಾಸಕ್ಕೆ ಆರ್50. ತೋಟ, ಕಾಡು, ಹಕ್ಕಿಗೆ ಜೆಡ್50 ಟು. ಒಳ್ಳೆಯ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಮಾತ್ರ ಎ6400.

ನಮ್ಮ ಹೋಮ್‌ಸ್ಟೇಗೆ ವಿಡಿಯೋ ಮಾಡ್ಬೇಕು. ಫೋಟೋ ಅಷ್ಟೇನೂ ಬೇಡ.

ಹಾಗಾದರೆ ನಿಕಾನ್ ಜೆಡ್30, ಸೋನಿ ಝಡ್‌ವಿ-ಇ10 ಅಥವಾ ಅದರ 2024ರ ಎರಡನೇ ಆವೃತ್ತಿ ನೋಡಿ. ಮೂರರಲ್ಲೂ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಫ್ಲ್ಯಾಶ್ ಇಲ್ಲ. ಏಪ್ರಿಲ್ ಬಿಸಿಲಿನಲ್ಲಿ ಕಣದ ಮಧ್ಯೆ ನಿಂತರೆ ಪರದೆ ಸರಿಯಾಗಿ ಕಾಣುವುದಿಲ್ಲ, ಇದು ಗೊತ್ತಿರಲಿ. ಮೈಕ್‌ಗೆ ಮೂರರಲ್ಲೂ ಕಿಂಡಿ ಇದೆ. ಬೆಟ್ಟದ ಮೇಲೆ ಮಾಡುವುದಾದರೆ ಮೈಕ್‌ಗೆ ತುಪ್ಪಳದ ಗಾಳಿ ಕವಚ ಹಾಕಲೇಬೇಕು. ಮಾಂದಲಪಟ್ಟಿಯ ಗಾಳಿಯಲ್ಲಿ ಮಾತೇ ಕೇಳಿಸದ ವಿಡಿಯೋಗಳು ಬೇಕಾದಷ್ಟಿವೆ. ಝಡ್‌ವಿ-ಇ10 ಟು 4ಕೆಯನ್ನು ಸೆಕೆಂಡಿಗೆ 60 ಫ್ರೇಮ್‌ನಲ್ಲೂ ತೆಗೆಯುತ್ತದೆ, ಬ್ಯಾಟರಿಯೂ ದೊಡ್ಡದು. ಆದರೆ ಅದರಲ್ಲಿ ಮೆಕ್ಯಾನಿಕಲ್ ಶಟರ್ (ಸೆನ್ಸರ್ ಮುಂದೆ ತೆರೆದು ಮುಚ್ಚುವ ತೆರೆ) ಇಲ್ಲವೇ ಇಲ್ಲ, ಎಲೆಕ್ಟ್ರಾನಿಕ್ ಶಟರ್ ಮಾತ್ರ. ಫೋಟೋದಲ್ಲಿ ಇದು ಎಲ್ಲಿ ಕೈಕೊಡುತ್ತದೆ ಅನ್ನುವುದು ದಸರಾ, ಹಾಕಿ ಪ್ರಶ್ನೆಗಳಲ್ಲಿ ಬರುತ್ತದೆ.

ಫ್ಯೂಜಿ ಬಣ್ಣ ಚೆನ್ನಾಗಿರುತ್ತೆ ಅಂತಾರೆ, ನಿಜಾನಾ?

ನಿಜ. ಹಳೆಯ ಫಿಲಂ ರೋಲ್‌ಗಳ ಬಣ್ಣವನ್ನು ಕ್ಯಾಮೆರಾದೊಳಗೇ ಕೊಡುತ್ತಾರೆ. ಕಂಪ್ಯೂಟರ್ ಮುಂದೆ ಕೂರಲು ಬೇಜಾರಿದ್ದವರಿಗೆ ಇದು ದೊಡ್ಡ ಅನುಕೂಲ. ಎಕ್ಸ್‌-ಎಂ5 ಚಿಕ್ಕದು, ವ್ಯೂಫೈಂಡರ್ ಇಲ್ಲ. ಎಕ್ಸ್‌-ಎಸ್10ರಲ್ಲಿ ಕೈಯ ಅಲುಗಾಟವನ್ನು ಸೆನ್ಸರಿನಲ್ಲೇ ತಡೆಯುವ ವ್ಯವಸ್ಥೆಯೂ ಇದೆ. ಫ್ಯೂಜಿಯ ಸ್ವಂತ ಲೆನ್ಸ್‌ಗಳು ಮಾತ್ರ ಜೇಬಿಗೆ ಭಾರ.

ಅಪ್ಪನ ಹಳೇ ಡಿಎಸ್ಎಲ್ಆರ್ ಲೆನ್ಸ್‌ಗಳಿವೆ. ಹೊಸದಕ್ಕೆ ಆಗುತ್ತಾ?

ಕ್ಯಾನನ್ ಇಎಫ್, ಇಎಫ್‌-ಎಸ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆರ್ ಸರಣಿಯಲ್ಲಿ ಆಟೋಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನಲ್ಲಿ ಹುಷಾರು. ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಫೋಕಸ್ ಮೋಟರ್ ಇಲ್ಲ. ಎಎಫ್‌-ಎಸ್, ಎಎಫ್‌-ಪಿ ಅಂತ ಬರೆದಿರುವ ಲೆನ್ಸ್‌ಗಳು ಸರಿ. ಹಳೆಯ 50 ಎಂಎಂ ಎಫ್/1.8 ಡಿ ಥರದವು ಕೂರುತ್ತವೆ, ಆದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು.

ಸೆಕೆಂಡ್ ಹ್ಯಾಂಡ್ ಕ್ಯಾನನ್ ಎಂ50 ಸಿಗ್ತಿದೆ, ತಗೊಳ್ಳಬಹುದಾ?

ನಾನು ಬೇಡ ಅನ್ನುತ್ತೇನೆ. ಕ್ಯಾಮೆರಾ ಕೆಟ್ಟದ್ದಲ್ಲ. ಆದರೆ ಆ ಇಎಫ್‌-ಎಂ ಸರಣಿಯನ್ನೇ ಕ್ಯಾನನ್ 2023ರಲ್ಲಿ ನಿಲ್ಲಿಸಿತು. ಆ ಲೆನ್ಸ್‌ಗಳು ಆರ್ ಸರಣಿಗೆ ಹೊಂದುವುದಿಲ್ಲ. ನಾಳೆ ಬಾಡಿ ಬದಲಿಸಿದರೆ ಲೆನ್ಸ್ ಕೂಡ ಬದಲಿಸಬೇಕು.

ಯಾವ ಹಳೆಯ ಕ್ಯಾಮೆರಾ ಕೊಂಡರೂ ಲೆನ್ಸ್‌ನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಫಂಗಸ್. ನಮ್ಮ ಜಿಲ್ಲೆಯಲ್ಲೇ ಇದ್ದ ಕ್ಯಾಮೆರಾ ಆದರೆ ಎರಡು ಸಲ ನೋಡಿ.

## ಲೆನ್ಸ್ ಮತ್ತು ಬೆಳಕು

ಜೊತೆಗೆ ಕೊಡೋ ಲೆನ್ಸ್ ಸಾಕಾ?

ಮೊದಲ ಆರು ತಿಂಗಳಿಗೆ ಸಾಕು. ಕಾಫಿ ಹೂವು ಬಿಟ್ಟಾಗ ತೋಟದ ಬಿಳುಪು, ಐನ್‌ಮನೆಯ (ಕುಟುಂಬದ ಹಿರಿಮನೆಯ) ಜಗಲಿ, ಪುತ್ತರಿ ಸುಗ್ಗಿ ಹಬ್ಬದ ಕದಿರು, ಹಗಲಿನಲ್ಲಿ ಎಲ್ಲ ಚೆನ್ನಾಗಿ ಬರುತ್ತದೆ. ಅದು ಸೋಲುವುದು ಕತ್ತಲಲ್ಲಿ ಮತ್ತು ದೂರಕ್ಕೆ. ನಿಮ್ಮ ಫೋಟೋಗಳು ಇವೆರಡರಲ್ಲಿ ಎಲ್ಲಿ ಹೆಚ್ಚು ಸೋಲುತ್ತಿವೆ ಅಂತ ನೋಡಿ ಎರಡನೇ ಲೆನ್ಸ್ ಆರಿಸಿ.

ಮಡಿಕೇರಿ ದಸರಾದಲ್ಲಿ ರಾತ್ರಿ ಮಂಟಪ ತೆಗೆದ್ರೆ ಎಲ್ಲಾ ಮಂಕು, ಅಲುಗಿರುತ್ತೆ. ಕ್ಯಾಮೆರಾ ಬದಲಿಸಬೇಕಾ?

ಕ್ಯಾಮೆರಾ ಅಲ್ಲ, ಲೆನ್ಸ್. ಕ್ಯಾನನ್, ನಿಕಾನ್ ಕಿಟ್ ಲೆನ್ಸನ್ನು ಪೂರ್ತಿ ಝೂಮ್ ಮಾಡಿದಾಗ ಅದರ ಬೆಳಕು ಬಿಡುವ ಕಿಂಡಿ ಎಫ್/6.3 (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಎಫ್/1.8 ಲೆನ್ಸ್ ಅದಕ್ಕಿಂತ 12 ಪಟ್ಟು ಬೆಳಕು ಬಿಡುತ್ತದೆ. ಎಫ್/1.8ರಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾ ತೋರುವ ಚುರುಕು) 3200ಕ್ಕೆ ಸಿಗುವ ಫೋಟೋಗೆ ಎಫ್/6.3ರಲ್ಲಿ ಐಎಸ್ಒ ಸುಮಾರು 40,000 ಬೇಕು. ಅಷ್ಟರಲ್ಲಿ ಚಿತ್ರವೆಲ್ಲ ರವೆ ರವೆ. ಕ್ಯಾನನ್‌ನ ಆರ್‌ಎಫ್ 50 ಎಂಎಂ ಎಫ್/1.8 ಬರೀ 160 ಗ್ರಾಂ, ಬೆಲೆಯೂ ಕೈಗೆಟುಕುವಂಥದ್ದು. ನಿಕಾನ್‌ನಲ್ಲಿ 40 ಎಂಎಂ ಎಫ್/2 ಅಥವಾ 24 ಎಂಎಂ ಎಫ್/1.7 ಇದೆ. ಸೋನಿಯಲ್ಲಿ ಸಿಗ್ಮಾ 30 ಎಂಎಂ ಎಫ್/1.4. ಜನಸಂದಣಿಯಲ್ಲಿ ಹಿಂದೆ ಸರಿಯಲು ಜಾಗ ಇರುವುದಿಲ್ಲ, ಹಾಗಾಗಿ 24 ಅಥವಾ 30 ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ತೊಂದರೆ ಎಲ್‌ಇಡಿ ದೀಪಗಳದ್ದು. ಅವು ನಮ್ಮ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಫೋಟೋದಲ್ಲಿ ಅಡ್ಡ ಪಟ್ಟಿಗಳು ಬೀಳುತ್ತವೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ. ಪಟ್ಟಿ ಇನ್ನೂ ಉಳಿದರೆ ವೇಗವನ್ನು 1/100ಕ್ಕೆ ಇಳಿಸಿ, ಮಂಟಪದ ಮೂರ್ತಿಗಳು ಒಂದು ಕ್ಷಣ ನಿಂತಾಗ ತೆಗೆಯಿರಿ.

ತೋಟದಲ್ಲಿ ಹಕ್ಕಿ ತೆಗೀಬೇಕು. ಯಾವ ಲೆನ್ಸ್?

ಕಡಿಮೆ ಖರ್ಚಿನಲ್ಲಿ ನಿಕಾನ್‌ನ 50-250 ಒಳ್ಳೆಯದು. 405 ಗ್ರಾಂ, ಚೂಪಾದ ಚಿತ್ರ. ಕ್ಯಾನನ್‌ನ 55-210 ಹಕ್ಕಿಗೆ ಸ್ವಲ್ಪ ಗಿಡ್ಡ. ಆರ್‌ಎಫ್ 100-400 ನಿಜಕ್ಕೂ ಹಕ್ಕಿ ಲೆನ್ಸ್, 635 ಗ್ರಾಂ ಅಷ್ಟೇ, ಆದರೆ 400ರಲ್ಲಿ ಕಿಂಡಿ ಎಫ್/8. ಬಯಲಿನಲ್ಲಿ ಇದು ಸಮಸ್ಯೆಯಲ್ಲ. ನಮ್ಮ ಕಾಫಿ ತೋಟದ ನೆರಳು ಮರಗಳ ಕೆಳಗೆ ಹಗಲು ಹನ್ನೊಂದಕ್ಕೂ ಬೆಳಕು ಸಾಲುವುದಿಲ್ಲ. ಮರ ಕಪಾತು ಆದ ಮೇಲೆ, ಅಥವಾ ಗದ್ದೆ ಅಂಚಿನಲ್ಲಿ ಹಕ್ಕಿ ಕೂರುವ ಜಾಗ ಹುಡುಕಿ. ಸೋನಿಯವರಿಗೆ 70-350 ಇದೆ, ಒಳ್ಳೆಯದು, ದುಬಾರಿ.

ಹಾಕಿ ಹಬ್ಬಕ್ಕೆ ಯಾವುದು ಸರಿ?

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರು ಮಾಡಿದ ಕೊಡವ ಕುಟುಂಬಗಳ ಈ ಹಾಕಿ ಹಬ್ಬ ಬೇಸಿಗೆಯಲ್ಲಿ ನಡೆಯುತ್ತದೆ, ಬೆಳಕಿಗೆ ಬರವಿಲ್ಲ. ಇಲ್ಲಿ ನೋಡಬೇಕಾದದ್ದು ವೇಗ. ಕ್ಯಾನನ್ ಆರ್10 ಮೆಕ್ಯಾನಿಕಲ್ ಶಟರ್‌ನಲ್ಲೇ ಸೆಕೆಂಡಿಗೆ 15 ಫೋಟೋ ತೆಗೆಯುತ್ತದೆ. ಜೆಡ್50 ಟು, ಎ6400 ಎರಡೂ 11. ಆರ್50 ಸಂಖ್ಯೆಯಲ್ಲಿ ಹಿಂದಿಲ್ಲ, ಆದರೆ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೇ ಇಡುವ ದೊಡ್ಡ ಫೈಲ್) ತೆಗೆದರೆ ಬಫರ್, ಅಂದರೆ ಫೋಟೋ ಕಾರ್ಡ್ ಸೇರುವ ಮುಂಚೆ ನಿಲ್ಲುವ ಜಾಗ, ಬೇಗ ತುಂಬಿ ಕ್ಯಾಮೆರಾ ನಿಂತುಬಿಡುತ್ತದೆ. ಜೆಪೆಗ್‌ನಲ್ಲಿ ತೆಗೆದರೆ ನಡೆಯುತ್ತದೆ. ಎಲೆಕ್ಟ್ರಾನಿಕ್ ಶಟರ್ ಇಲ್ಲಿಯೂ ಬೇಡ, ಬೀಸಿದ ಸ್ಟಿಕ್ ಬಾಗಿದಂತೆ ಕಾಣುತ್ತದೆ. ಶಟರ್ ವೇಗ 1/1000ಕ್ಕಿಂತ ಕೆಳಗೆ ಇಳಿಸಬೇಡಿ.

## ಮಳೆ, ಮಂಜು, ತೇವ

ಈ ಕ್ಯಾಮೆರಾಗಳು ನಮ್ಮ ಮಳೆಗೆ ತಡೆಯುತ್ತಾ?

ತಡೆಯುತ್ತವೆ ಅಂತ ನಂಬಬೇಡಿ. ಈ ಬೆಲೆಯಲ್ಲಿ ನೀರು ತಡೆಯುವ ರಬ್ಬರ್ ಸೀಲ್ ನಿರೀಕ್ಷಿಸುವಂತಿಲ್ಲ. ಕ್ಯಾಮೆರಾ ಮೈಗೆ ಇದ್ದರೂ ಕಿಟ್ ಲೆನ್ಸ್‌ಗೆ ಇರುವುದಿಲ್ಲ. ಝೂಮ್ ಮಾಡಿದಾಗ ಲೆನ್ಸ್ ಉದ್ದವಾಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಕಕ್ಕಡ ತಿಂಗಳ ಜಡಿಮಳೆಯಲ್ಲಿ ಆ ಗಾಳಿಯೂ ನೀರೇ. ದಪ್ಪ ಪಾಲಿಥೀನ್ ಕವರ್‌ಗೆ ಲೆನ್ಸ್ ಗಾತ್ರದ ತೂತು ಮಾಡಿ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಜೊತೆಗೆ ಕೊಡೆ ಹಿಡಿಯಲು ಒಬ್ಬರು ಇದ್ದರೆ ಇನ್ನೂ ಒಳ್ಳೆಯದು. ಮಲ್ಲಳ್ಳಿ ಜಲಪಾತದ ಎದುರು ಮಳೆ ಇಲ್ಲದಿದ್ದರೂ ತುಂತುರು ಲೆನ್ಸ್‌ಗೆ ಬಡಿಯುತ್ತದೆ. ಅಲ್ಲಿ ಲೆನ್ಸ್ ಬದಲಿಸುವ ಸಾಹಸ ಮಾಡಬೇಡಿ.

ಮಳೆಗಾಲ ಮುಗಿಯೋಷ್ಟರಲ್ಲಿ ಲೆನ್ಸ್‌ಗೆ ಫಂಗಸ್ ಬರುತ್ತೆ. ಏನು ಮಾಡೋದು?

ಕೊಡಗಿನಲ್ಲಿ ಮಳೆಯಲ್ಲಿ ನೆನೆದು ಹಾಳಾಗುವ ಕ್ಯಾಮೆರಾಗಿಂತ ಮನೆಯೊಳಗೆ ಸುಮ್ನೆ ಇಟ್ಟು ಹಾಳಾಗುವುದೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ, ಚಪ್ಪಲಿ, ಗೋಡೆ ಎಲ್ಲದಕ್ಕೂ ಬೂಷ್ಟು ಬರುವಾಗ ಲೆನ್ಸ್ ಮಾತ್ರ ಉಳಿಯಬೇಕು ಅಂದರೆ ಹೇಗೆ? ಬಟ್ಟೆ ಬ್ಯಾಗ್, ಚರ್ಮದ ಚೀಲ ಎರಡೂ ತೇವ ಹಿಡಿದಿಡುತ್ತವೆ. ಅವುಗಳಿಂದ ತೆಗೆದು ಗಾಳಿ ಆಡದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ಅಳೆಯುವ ಚಿಕ್ಕ ಮೀಟರ್. ಮುಳ್ಳು 40ರಿಂದ 50 ಶೇಕಡದ ಮಧ್ಯೆ ಇರಲಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಿ. ಆ ಬಾಣಲೆ ಆಮೇಲೆ ಅಡುಗೆಗೆ ಬೇಡ.

ಎರಡು ಮೂರು ಲೆನ್ಸ್ ಆದ ಮೇಲೆ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳಿ. ಕರೆಂಟ್ ಹೋದರೂ ಬಾಗಿಲು ತೆರೆಯದಿದ್ದರೆ ಒಂದೆರಡು ದಿನ ಒಳಗೆ ಒಣಗಿಯೇ ಇರುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಬೇಡ, ಹಿಟ್ಟಿನ ಧೂಳು ಲೆನ್ಸ್ ರಿಂಗ್‌ನೊಳಗೆ ಹೋಗುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಒಣಗುತ್ತದೆ ನಿಜ, ಹೊಗೆಯ ಜಿಡ್ಡು ಕೂರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಔಷಧಿ ಅಂದರೆ ಬಿಸಿಲು ಬಿದ್ದ ದಿನ ಹೊರಗೆ ತಂದು ಫೋಟೋ ತೆಗೆಯುವುದು.

ಮಂಜಲ್ಲಿ ಫೋಕಸ್ಸೇ ಆಗಲ್ಲ, ಫೋಟೋ ಬೇರೆ ಬೂದಿ ಥರ ಬರುತ್ತೆ.

ಫೋಕಸ್‌ಗೆ ಅಂಚು ಬೇಕು, ಮಂಜು ಅಂಚನ್ನು ಅಳಿಸುತ್ತದೆ. ಫೋಕಸ್ ಚೌಕವನ್ನು ಚಿಕ್ಕದು ಮಾಡಿ ಮರದ ಕಾಂಡದ ಅಂಚಿಗೋ ಬೆಟ್ಟದ ಗೆರೆಗೋ ಇಡಿ. ಬೂದಿಯಾಗುವುದು ಕುಪ್ಯದ ಕಥೆಯ ತಿರುವುಮುರುವು. ಬಿಳಿ ಜಾಸ್ತಿ ಇದೆ ಅಂತ ಕ್ಯಾಮೆರಾ ಕತ್ತಲು ಮಾಡುತ್ತದೆ. ಮುಕ್ಕಾಲಿನಿಂದ ಒಂದು ಹಂತ ಏರಿಸಿ.

ಎರಡು ದಿನ ಕರೆಂಟ್ ಇರಲ್ಲ. ಬ್ಯಾಟರಿಗೆ ಏನು ದಾರಿ?

ಈ ವರ್ಗದ ಕ್ಯಾಮೆರಾಗಳು ಒಂದು ಚಾರ್ಜ್‌ಗೆ ಸುಮಾರು 300 ಫೋಟೋ ಕೊಡುತ್ತವೆ ಅಂತ ಲೆಕ್ಕ ಇಟ್ಟುಕೊಳ್ಳಿ. ಜೆಡ್50 ಟು, ಝಡ್‌ವಿ-ಇ10 ಟು ಪವರ್ ಬ್ಯಾಂಕ್‌ನಿಂದ ಚಾರ್ಜ್ ಆಗುತ್ತವೆ. ಆರ್50, ಆರ್10 ಕೂಡ ಆಗುತ್ತವೆ, ಆದರೆ ಪವರ್ ಬ್ಯಾಂಕ್ ಪಿಡಿ (ಪವರ್ ಡೆಲಿವರಿ) ಮಾದರಿಯದ್ದೇ ಆಗಿರಬೇಕು.

## ಸ್ವಲ್ಪ ಮುಂದೆ ಹೋದವರಿಗೆ

ಐಬಿಐಎಸ್ ಇಲ್ಲದ ಕ್ಯಾಮೆರಾದಲ್ಲಿ ಅಬ್ಬಿ ನೀರು ಹಾಲಿನ ಥರ ಬರುತ್ತಾ?

ಬರುತ್ತದೆ. ಐಬಿಐಎಸ್ ಅಂದರೆ ಅಲುಗಾಟ ತಡೆಯಲು ಸೆನ್ಸರನ್ನೇ ಸರಿಸುವ ವ್ಯವಸ್ಥೆ. ಆರ್50, ಜೆಡ್50 ಟು, ಎ6400 ಯಾವುದರಲ್ಲೂ ಇದು ಇಲ್ಲ. ಆದರೆ ಅವುಗಳ ಕಿಟ್ ಲೆನ್ಸ್‌ನಲ್ಲೇ ಅಲುಗಾಟ ತಡೆ ಇದೆ. ಅಗಲದ ತುದಿಯಲ್ಲಿ ಉಸಿರು ಹಿಡಿದು 1/4 ಸೆಕೆಂಡ್ ಸಾಧ್ಯ. ನೀರು ನುಣುಪಾಗಲು ಅಷ್ಟು ಸಾಕು. ಮೋಡದ ದಿನ, ಐಎಸ್ಒ 100, ಎಫ್/11. ಬೆಳಕು ಇನ್ನೂ ಜಾಸ್ತಿ ಇದ್ದರೆ ಎನ್‌ಡಿ ಫಿಲ್ಟರ್ (ಲೆನ್ಸ್ ಮುಂದೆ ಹಾಕಿ ಬೆಳಕು ತಗ್ಗಿಸುವ ಗಾಜು) ಬೇಕು. ಅಳತೆ ನೋಡಿ ಕೊಳ್ಳಿ: ಕ್ಯಾನನ್ 18-45ಕ್ಕೆ 49 ಎಂಎಂ, ನಿಕಾನ್ 16-50ಕ್ಕೆ 46, ಸೋನಿ 16-50ಕ್ಕೆ 40.5.

ರಾದಲ್ಲಿ ತೆಗೀಬೇಕಾ, ಜೆಪೆಗ್ ಸಾಕಾ?

ಬಿಳಿ ಕುಪ್ಯದ ಮದುಮಗ, ಪಕ್ಕದಲ್ಲಿ ಕಪ್ಪು ಕುಪ್ಯದ ನೆಂಟರು, ಮೇಲೆ ಬಿಸಿಲು. ಇಂಥ ಕಡೆ ರಾ ಬೇಕು. ಬಿಳಿ ಸುಡದಂತೆ ತೆಗೆದು ಕಪ್ಪನ್ನು ಆಮೇಲೆ ಏರಿಸಬಹುದು. ಸುಟ್ಟ ಬಿಳಿ ರಾದಲ್ಲೂ ವಾಪಸ್ ಬರುವುದಿಲ್ಲ. ಉಳಿದ ದಿನ ಜೆಪೆಗ್ ಸಾಕು.

ಇದೇ ಕ್ಯಾಮೆರಾ ಇಟ್ಕೊಂಡು ಮದುವೆ ಕೆಲಸ ಒಪ್ಕೋಬಹುದಾ?

ಚಿತ್ರದ ಗುಣಮಟ್ಟ ಅಡ್ಡಿಯಲ್ಲ. ಅಡ್ಡಿ ಕಾರ್ಡ್‌ನದ್ದು. ಆರ್50, ಆರ್10, ಜೆಡ್50 ಟು, ಎ6400 ಎಲ್ಲದರಲ್ಲೂ ಒಂದೇ ಕಾರ್ಡ್ ಜಾಗ. ಕಾರ್ಡ್ ಕೆಟ್ಟರೆ ಫೋಟೋ ಹೋಯಿತು. ಬಾಳೆ ಕಡಿಯುವುದು, ಗಂಗೆ ಪೂಜೆ ಥರದ ಮದುವೆ ಶಾಸ್ತ್ರಗಳನ್ನೆಲ್ಲ ಇನ್ನೊಮ್ಮೆ ಮಾಡಿ ಅಂತ ಕೇಳಲು ಆಗುತ್ತದಾ? ಮೊದಲು ಅನುಭವಸ್ಥರ ಜೊತೆ ಎರಡನೇ ಫೋಟೋಗ್ರಾಫರ್ ಆಗಿ ಹೋಗಿ. ಸ್ವಂತ ಕೆಲಸ ಒಪ್ಪಿಕೊಂಡಾಗ ಅದೇ ಮೌಂಟ್‌ನ ಇನ್ನೊಂದು ಬಾಡಿ ಬಾಡಿಗೆಗಾದರೂ ತನ್ನಿ. ಒಂದಕ್ಕೆ ಝೂಮ್, ಇನ್ನೊಂದಕ್ಕೆ ಎಫ್/1.8 ಹಾಕಿ, ಮುಖ್ಯ ಶಾಸ್ತ್ರಗಳನ್ನು ಎರಡರಲ್ಲೂ ತೆಗೆಯಿರಿ. ಚಿಕ್ಕ ಕಾರ್ಡ್‌ಗಳನ್ನು ಬದಲಿಸುತ್ತಾ ಹೋಗಿ. ಊಟದ ಹೊತ್ತಿಗೆ ಅಷ್ಟರವರೆಗಿನದ್ದನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ, ಕಾರ್ಡ್ ಅಳಿಸುವುದು ಮನೆಗೆ ಬಂದು ಇನ್ನೊಂದು ಪ್ರತಿ ಮಾಡಿಕೊಂಡ ಮೇಲೆ.